ಎರಡೂ ರೊಟ್ಟಿ ಮುಟ್ಟಿದ ಊರು

ನಮ್ಮ ಅಫಜಲಪುರದ ದರ್ಜಿಗಳು ನನ್ನ ಇಡೀ ನೌಕರಿಯ ಅವಧಿಯಲ್ಲಿ 'ಆಗುವುದಿಲ್ಲ' ಎಂಬ ಪದವನ್ನು ಒಮ್ಮೆಯಾದರೂ ಉಚ್ಚರಿಸಿದ್ದನ್ನು ನಾನು ಕೇಳಿಲ್ಲ. ಪಂಚಮಿಯ ಹಿಂದಿನ ದಿನ ಇಡೀ ಸಂಸಾರದ ಬಟ್ಟೆಯನ್ನು ಬಗಲಲ್ಲಿಟ್ಟುಕೊಂಡು ಹೋಗಿ, ನಾಳೆ ಬೆಳಗ್ಗೆಯೇ ಬೇಕು ಎಂದು ನಿರ್ಲಜ್ಜೆಯಿಂದ ಕೇಳಿದರೂ, ಆತ ಕೊರಳ ಟೇಪನ್ನು ಒಂದಿಷ್ಟು ಸರಿಪಡಿಸಿಕೊಂಡು, "ಆಗ್ಲಿ ತಗೋರಿ ಸರ" ಎನ್ನುತ್ತಾನೆ. ನಾಳೆ ಸಿಗುವುದಿಲ್ಲವೆಂಬುದು ಅವನಿಗೆ ಗೊತ್ತು. ಅವನಿಗೆ ಗೊತ್ತೆಂಬುದು ನನಗೆ ಗೊತ್ತು. ಆದರೂ ನಾನು ಸಂತೃಪ್ತನಾಗಿ ಮನೆಗೆ ಮರಳುತ್ತೇನೆ. ಬಟ್ಟೆ ಸಿಗದಿರುವುದು ಮುಂದಿನ ಮಾತು. ಅಂಗಡಿಗೆ ಬಂದ ಮನುಷ್ಯನ ಮುಖದ ಮೇಲೆ ನಕಾರವನ್ನು ಎಸೆಯುವುದು ನಮ್ಮ ಸೀಮೆಯಲ್ಲಿ ಶಿಷ್ಟಾಚಾರಕ್ಕೆ ವಿರುದ್ಧ.

ಈ ಸಾರ್ವತ್ರಿಕ ಸಮ್ಮತಿಗೆ ನನ್ನ ಶಾಲೆಯಲ್ಲೇ ಒಬ್ಬ ಮಹಾಸಾಧಕರಿದ್ದರು. ಜೇವರ್ಗಿ ಕಡೆಯಿಂದ ಬಂದ ಡ್ರಾಯಿಂಗ್ ಮಾಸ್ತರರು. ಒಮ್ಮೆ ಇಜೇರಿಯಲ್ಲೊಂದು, ಗೊಬ್ಬೂರಲ್ಲೊಂದು, ಒಂದೇ ದಿನ ಒಂದೇ ಮುಹೂರ್ತಕ್ಕೆ ಎರಡು ಮದುವೆ. ಎರಡೂ ಕಡೆಯವರಿಗೆ ಇವರು ಬರುತ್ತೇನೆಂದು ಮಾತು ಕೊಟ್ಟಿದ್ದರು. ಪೂರ್ತಿ ಒಂದು ಕಡೆ ಹೋದರೆ ಇನ್ನೊಂದು ಕಡೆಗೆ ಸುಳ್ಳುಗಾರನಾಗಬೇಕಲ್ಲ ಎಂದು, ಎರಡೂ ಊರುಗಳ ನಡುವೆ ಎಲ್ಲೋ ಬಸ್ಸಿನಲ್ಲಿ ಕುಳಿತು, ಗಡಿಯಾರ ನೋಡಿ, ಸರಿಯಾಗಿ ಮುಹೂರ್ತದ ಹೊತ್ತಿಗೆ ಜೇಬಿನಿಂದ ಅಕ್ಷತೆ ತೆಗೆದು ಒಂದು ಹಿಡಿ ಬಲಗಡೆಯ ಕಿಟಕಿಯಿಂದಲೂ ಒಂದು ಹಿಡಿ ಎಡಗಡೆಯ ಕಿಟಕಿಯಿಂದಲೂ ಎರಚಿದರು. ಎಡಗಡೆಯ ಕಿಟಕಿಯ ಪಕ್ಕದಲ್ಲಿ ಕೂತಿದ್ದ ಅಪರಿಚಿತ ಗೃಹಸ್ಥರ ರುಮಾಲಿಗೂ ಒಂದಷ್ಟು ಆಶೀರ್ವಾದ ಬಿತ್ತು. ಮಾಸ್ತರರು ಈ ಪ್ರಸಂಗವನ್ನು ಹೇಳುವಾಗ ನಗುತ್ತಿರಲಿಲ್ಲ. ನಾವು ನಕ್ಕರೆ ಅವರಿಗೆ ಬೇಸರವಾಗುತ್ತಿತ್ತು.

ಓದುಗ ಮಿತ್ರರೇ, ಇಂಥ ಜನ ಮತ ಹಾಕುವುದು ಹೇಗೆ ಎಂಬ ಪ್ರಶ್ನೆಯನ್ನು ನಮ್ಮ ರಾಜಕೀಯ ಪಂಡಿತರು ಇನ್ನೂ ಸರಿಯಾಗಿ ಎತ್ತಿಕೊಂಡಿಲ್ಲ. ಪತ್ರಿಕೆಗಳಲ್ಲಿ ಅವರು ಅಲೆ ಎನ್ನುತ್ತಾರೆ, ಒಳಸುಳಿ ಎನ್ನುತ್ತಾರೆ, ಜಾತಿಯ ಲೆಕ್ಕ ಹಾಕುತ್ತಾರೆ, ಮತದಾರನ ಮನಸ್ಸು ನಿಗೂಢ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ನಾನು ಕಂಡ ಒಂದು ಚುನಾವಣೆಯಲ್ಲಿ ಮತದಾರನ ಮನಸ್ಸು ಕನ್ನಡಿಯಷ್ಟು ನಿಚ್ಚಳವಾಗಿತ್ತು. ಮತಪತ್ರ ಮಾತ್ರ ಕೆಟ್ಟಿತ್ತು.

ಅದು ಎಂಬತ್ತರ ದಶಕದ ಕೊನೆಯ ಭಾಗ. ಮಂಡಲ ಪಂಚಾಯತಿಗಳಿಗೆ ಚುನಾವಣೆ ನಡೆಯುತ್ತಿದ್ದ ಕಾಲ. ವಿಜ್ಞಾನ ಕಲಿಸುವವನಾದ್ದರಿಂದ ನಿಷ್ಪಕ್ಷಪಾತಿಯಾಗಿರಬಹುದೆಂಬ ಯಾರದೋ ಊಹೆಯ ಮೇಲೆ ನನ್ನನ್ನು ಒಂದು ಬೂತಿನ ಅಧ್ಯಕ್ಷಾಧಿಕಾರಿಯಾಗಿ ನೇಮಿಸಿದರು. ಅತನೂರಿನ ಆಚೆಯ ಒಂದು ಹಳ್ಳಿ. ಹೆಸರು ಹೇಳದಿರುವುದೇ ಲೇಸು. ಅಲ್ಲಿಯವರು ಇಂದಿಗೂ ನನ್ನನ್ನು ಕಂಡರೆ ಚಹಾ ಕುಡಿಸುತ್ತಾರೆ. ಒಂದೇ ಒಂದು ಜಾಗಕ್ಕೆ ಇಬ್ಬರು ಹುರಿಯಾಳುಗಳು. ಛತ್ರಿ ಗುರುತಿನ ಗುರುಲಿಂಗಪ್ಪ, ಕಂದೀಲು ಗುರುತಿನ ಮಲಕಣ್ಣ. ಇಬ್ಬರೂ ಬೀಗರು. ಗುರುಲಿಂಗಪ್ಪನ ಮಗಳು ನೀಲಮ್ಮನನ್ನು ಮಲಕಣ್ಣನ ಮಗನಿಗೆ ಕೊಟ್ಟಿತ್ತು. ಎರಡೂ ಮನೆ ಒಂದೇ ಓಣಿಯಲ್ಲಿ ಎದುರುಬದುರು. ನಡುವೆ ಒಂದು ಬೇವಿನ ಮರ ಮತ್ತು ಸುಮಾರು ಹದಿನೈದು ಹೆಜ್ಜೆಯಷ್ಟು ಸಾರ್ವಜನಿಕ ರಸ್ತೆ.

ಇದನ್ನೆಲ್ಲ ನನಗೆ ಹೇಳಿದವನು ಭೀಮಶಾ. ಆತ ಊರಿನ ತಳವಾರ. ಮತಗಟ್ಟೆಯಾದ ಶಾಲೆಗೆ ನೀರು, ಕುರ್ಚಿ ಮತ್ತು ಸುದ್ದಿ, ಈ ಮೂರನ್ನೂ ಒದಗಿಸುವ ಹೊಣೆ ಅವನದು. ಮತದಾನದ ಹಿಂದಿನ ದಿನ ಮಧ್ಯಾಹ್ನ ನಾವು ಪೆಟ್ಟಿಗೆಗಳೊಂದಿಗೆ ಬಂದಿಳಿದಾಗ ಎರಡು ಕಡೆಯಿಂದ ಎರಡು ಬುತ್ತಿ ಬಂದವು. ಎರಡರಲ್ಲೂ ಅದೇ ಜೋಳದ ರೊಟ್ಟಿ, ಅದೇ ಪುಂಡಿಪಲ್ಯ, ಅದೇ ಶೇಂಗಾ ಹಿಂಡಿ. ಹುರಿಯಾಳುಗಳ ಅನ್ನ ಉಣ್ಣಬಾರದೆಂದು ನಿಯಮವಿತ್ತು. ಊರಲ್ಲಿ ಹೋಟೆಲು ಇರಲಿಲ್ಲ. ನಿಯಮಾವಳಿಯಲ್ಲಿ ಹಸಿವಿನ ಅಧ್ಯಾಯವಿರಲಿಲ್ಲ. ಆಳವಾಗಿ ಚಿಂತಿಸಿ, ಎರಡೂ ಬುತ್ತಿಯಿಂದ ತಲಾ ಎರಡು ರೊಟ್ಟಿ ಉಂಡು ನನ್ನ ತಾಟಸ್ಥ್ಯವನ್ನು ಕಾಪಾಡಿಕೊಂಡೆ. ನನ್ನ ಸಹಾಯಕರು ತಲಾ ಮೂರರಂತೆ ತಟಸ್ಥರಾದರು.

"ಈ ಊರಾಗ ರೊಟ್ಟಿ ಹುಷಾರಿಲೆ ಮುಟ್ಟಬೇಕ್ರಿ ಸರ," ಎಂದ ಭೀಮಶಾ, ನಾವು ಕೈ ತೊಳೆದ ಮೇಲೆ.

ಆ ಊರಿನಲ್ಲಿ ಪ್ರಚಾರವೆಂದರೆ ಭಾಷಣವಲ್ಲ, ಜಾಥಾ ಅಲ್ಲ. ಹುರಿಯಾಳು ಒಂದು ಖಡಕ್ ರೊಟ್ಟಿಯನ್ನು ಹಿತ್ತಾಳೆಯ ತಾಟಿನಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾನೆ. ಮನೆಯವರು ಒಬ್ಬೊಬ್ಬರಾಗಿ ರೊಟ್ಟಿ ಮುಟ್ಟಿ, ಈ ಅನ್ನದ ಆಣೆ, ನನ್ನ ಓಟು ನಿಮಗೆ, ಎನ್ನುತ್ತಾರೆ. ಹಿಂದೆ ದೇವರ ಮೇಲೆ ಆಣೆ ಹಾಕಿಸುವ ಪದ್ಧತಿ ಇತ್ತಂತೆ; ಒಬ್ಬೊಬ್ಬರ ದೇವರು ಒಂದೊಂದು ಕಡೆ ಇರುವುದರಿಂದ ತಕರಾರಾಗಿ, ಎಲ್ಲರಿಗೂ ಹೊಟ್ಟೆ ಒಂದೇ ಕಡೆ ಇದೆ ಎಂಬ ಅಂಶವನ್ನು ಮನಗಂಡು ಹಿರಿಯರು ರೊಟ್ಟಿಗೆ ಬಂದರು. ಇಷ್ಟು ಮಿತವ್ಯಯದ, ಇಷ್ಟು ಸರ್ವಧರ್ಮಸಮಭಾವದ ಪ್ರಣಾಳಿಕೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಒಂದು ಮನೆಯಲ್ಲಿ ಕೂಸೊಂದು ಛತ್ರಿಯ ರೊಟ್ಟಿಯ ಅಂಚನ್ನು ಮುರಿದು ತಿಂದಿತಂತೆ. ಆಣೆ ಉಳಿಯಿತೋ ಇಲ್ಲವೋ ಎಂದು ಪಂಚರು ಒಂದು ಇಡೀ ಮುಂಜಾನೆ ಚರ್ಚಿಸಿ, ಕೂಸಿಗೆ ಮತದಾನದ ಹಕ್ಕು ಇಲ್ಲದ್ದರಿಂದ ಅದು ತಿಂದದ್ದು ಬರೀ ನಾಷ್ಟಾ ಎಂದು ಫೈಸಲಾ ಮಾಡಿದರು.

ಮೊದಲ ದಿನ, ಬೀಗರಿಗೆ ಮಾನ ಕೊಡಬೇಕಲ್ಲ, ಗುರುಲಿಂಗಪ್ಪ ತನ್ನ ರೊಟ್ಟಿಯನ್ನು ಎಲ್ಲಕ್ಕಿಂತ ಮುಂಚೆ ಮಲಕಣ್ಣನ ಮನೆಗೇ ಒಯ್ದ. ಮಲಕಣ್ಣನೂ ಅವನ ಮನೆಯವರೂ ಸಂತೋಷದಿಂದ ಮುಟ್ಟಿದರು. ಮಾರನೆಯ ದಿನ ಮಲಕಣ್ಣ ತನ್ನ ರೊಟ್ಟಿಯೊಂದಿಗೆ ಗುರುಲಿಂಗಪ್ಪನ ಮನೆಗೆ ಬಂದ. ಅಲ್ಲಿಯೂ ಎಲ್ಲರೂ ಮುಟ್ಟಿದರು. ಆಮೇಲೆ ಇಬ್ಬರೂ ತಂತಮ್ಮ ಮನೆಯವರಿಗೂ ಉಳಿದ ಊರಿಗೂ ರೊಟ್ಟಿ ಮುಟ್ಟಿಸಿದರು. ತನ್ನ ರೊಟ್ಟಿ ಮುಟ್ಟಿದ ಬೀಗ ಇನ್ನು ತಾನಾಗಿಯೇ ಕಣದಿಂದ ಹಿಂದೆ ಸರಿಯುತ್ತಾನೆ ಎಂದು ಇವನು ಕಾದ, ಇವನು ಸರಿಯುತ್ತಾನೆ ಎಂದು ಅವನೂ ಕಾದ. ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿದದ್ದು ಇಬ್ಬರಿಗೂ ಏಕಕಾಲದಲ್ಲಿ ಗೊತ್ತಾಯಿತು. ಅಲ್ಲಿಂದ ಜಿದ್ದು. ಹೆಣ್ಣು ಕೊಟ್ಟವನು ತಗ್ಗಬೇಕೆಂದು ಮಲಕಣ್ಣ. ಹೆಣ್ಣನ್ನೇ ಕೊಟ್ಟಿದ್ದೇನೆ, ಇದೊಂದು ಜಾಗ ಅವನು ಬಿಟ್ಟುಕೊಟ್ಟರೆ ಏನು ಎಂದು ಗುರುಲಿಂಗಪ್ಪ. ಇಷ್ಟರಲ್ಲೇ ಮುಗಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ.

"ನೀಲವ್ವಗ ಈಗ ಏಳು ತುಂಬ್ಯಾವ್ರಿ," ಎಂದು ಭೀಮಶಾ ದನಿ ತಗ್ಗಿಸಿದ. "ಚೊಚ್ಚಲ. ತವರಿಗೆ ಕರಕೊಂಡು ಹೋಗಿ ಹಡಿಸಬೇಕಲ್ರಿ? ಅವರ ತಾಯಿ ಬಸರಿಗೆ ಉಡಸೋ ಕುಬಸದ ಹಸರು ಸೀರಿ ತಂದಿಟ್ಟು ಕುಂತಾಳ. ಆದ್ರ ಮಲಕಣ್ಣ ಏನ್ಮಾಡಿದ ಗೊತ್ತೇನ್ರಿ? ಸಿಟ್ಟಿನಾಗ ಕಟ್ಟಿ ಹತ್ತಿ ನಿಂತು, ಊರ ಮುಂದ ಆ ಬೇವಿನ ಗಿಡ ಮುಟ್ಟಿ ಹೇಳಿಬಿಟ್ಟ. ನಾ ಸೋತ್ರ ಸೊಸಿ ತವರ ಹೊಸ್ತಿಲ ತುಳಿಯಂಗಿಲ್ಲ, ನನ್ನ ಮನ್ಯಾಗ ಹಡೀತಾಳ ಅಂತ."

"ಅಂವ ಗೆದ್ರ?"

"ಗೆದ್ರ ಕಳಸತೇನಿ ಅಂದಾನ್ರಿ. ಅದೂ ಗಿಡ ಮುಟ್ಟೇ ಅಂದಾನ."

"ಆ ಹುಡಿಗಿ ಕಡಿಂದ ಯಾರು ಆಣಿ ಹಾಕಿಸ್ಯಾರ?"

"ಯಾರೂ ಇಲ್ಲರಿ. ಎರಡು ಜೀವ ಇದ್ದಾಕಿ ಕಡಿಂದ ಆಣಿ ಹಾಕಿಸಬಾರದು. ಒಳಗಿನ ಕೂಸಿನ್ನ ಕೇಳದ ಅದರ ಮಾತು ಕೊಟ್ಟಂಗ ಆಗ್ತದಲ್ರಿ."

ಇಡೀ ವಾರ್ಡಿನ ಮತದಾರರಲ್ಲಿ ಆಗ ಆ ಸ್ಥಿತಿಯಲ್ಲಿದ್ದವಳು ಅವಳೊಬ್ಬಳೇ. ಇನ್ನೊಬ್ಬಳು ತವರಿಗೆ ಬಂದವಳಿದ್ದಳು, ಆದರೆ ಅವಳ ಹೆಸರು ಗಂಡನ ಊರಿನ ಪಟ್ಟಿಯಲ್ಲಿತ್ತು. ಒಟ್ಟಿನಲ್ಲಿ ಹದಿನೈದು ಹೆಜ್ಜೆ ದೂರದ ತಾಯಿಯ ಮನೆಗೆ ಒಂದು ಹೆಣ್ಣುಮಗಳು ಹೋಗಬಹುದೋ ಬಾರದೋ ಎಂಬುದನ್ನು ನಿರ್ಣಯಿಸಲು ಸರ್ಕಾರ ಎರಡು ಪೆಟ್ಟಿಗೆ, ನಾಲ್ವರು ಸಿಬ್ಬಂದಿ ಮತ್ತು ಒಬ್ಬ ಪೊಲೀಸನನ್ನು ನಿಯೋಜಿಸಿದಂತಾಯಿತು.

ಮರುದಿನ ಮತದಾನ ಅತ್ಯಂತ ಶಾಂತಿಯುತವಾಗಿ ನಡೆಯಿತು. ಶಾಲೆಯ ಮೂಲೆಯಲ್ಲಿ ಗೋಣಿತಟ್ಟಿನ ಪರದೆ, ಅದರ ಹಿಂದೆ ಒಂದು ಮೇಜು, ಮೇಜಿನ ಮೇಲೆ ಶಾಯಿಯ ದಿಂಡು, ರಬ್ಬರಿನ ಸಿಕ್ಕಾ. ಯಾರು ಯಾರಿಗೆ ಒತ್ತಿದರೆಂದು ನಾನು ನೋಡುವಂತಿಲ್ಲ, ನೋಡಲೂ ಇಲ್ಲ. ಆದರೆ ದೇವರು ಕಿವಿಗೆ ರೆಪ್ಪೆ ಕೊಟ್ಟಿಲ್ಲ. ಮೊದಲ ಮತದಾರ ಒಳಗೆ ಹೋದ: ಧಬ್, ಧಬ್. ಎರಡನೆಯವಳು: ಧಬ್, ಧಬ್. ಬಹುಶಃ ಮೊದಲು ಮೇಜಿನ ಮೇಲೆ ಪರೀಕ್ಷೆ ಮಾಡಿ, ಆಮೇಲೆ ಕಾಗದದ ಮೇಲೆ ಒತ್ತುತ್ತಿದ್ದಾರೆ, ಎಷ್ಟು ಜಾಗರೂಕ ಜನ, ಎಂದು ನಾನು ಮನಸ್ಸಿನಲ್ಲೇ ಶ್ಲಾಘಿಸಿದೆ. ಪ್ರಯೋಗವೆಂದರೆ ಎರಡು ಸಲ ಮಾಡಿ ಖಚಿತಪಡಿಸಿಕೊಳ್ಳಬೇಕು ಎಂದು ನಾನೇ ಒಂಬತ್ತನೆಯ ತರಗತಿಗೆ ಕಲಿಸುತ್ತಿದ್ದೆನಷ್ಟೆ. ಶಾಯಿಯ ದಿಂಡು ಹೊತ್ತೇರುವುದರೊಳಗೆ ಎರಡು ಸಲ ಒಣಗಿತು.

ಮಧ್ಯಾಹ್ನದ ಸುಮಾರಿಗೆ ಗುರುಲಿಂಗಪ್ಪ ಬಂದ. ಧಬ್. ಒಂದೇ. ಅವನ ಹಿಂದೆ, ಅವನ ಮುಖ ನೋಡದಂತೆ ಗೋಡೆಯ ಕಡೆ ತಿರುಗಿ ನಿಂತಿದ್ದ ಮಲಕಣ್ಣ. ಧಬ್. ಅದೂ ಒಂದೇ. ಹುರಿಯಾಳುಗಳಲ್ಲವೇ, ಆತ್ಮವಿಶ್ವಾಸ ಹೆಚ್ಚು ಎಂದುಕೊಂಡೆ.

ಆಮೇಲೆ ನೀಲಮ್ಮ ಬಂದಳು. ಅತ್ತೆ ಒಂದು ಮಗ್ಗುಲು, ತಾಯಿ ಒಂದು ಮಗ್ಗುಲು. ಇಬ್ಬರೂ ಒಬ್ಬರೊಬ್ಬರ ಜೊತೆ ಮಾತಾಡದೆ ಅವಳ ಒಂದೊಂದು ಕೈ ಹಿಡಿದಿದ್ದರು. ಬಾಗಿಲಲ್ಲಿ ಇಬ್ಬರನ್ನೂ ಬಿಟ್ಟು ಒಳಬಂದು, ಮತಪತ್ರ ಹಿಡಿದು ಪರದೆಯ ಹಿಂದೆ ಹೋದಳು. ಬಹಳ ಹೊತ್ತು ಸದ್ದೇ ಇಲ್ಲ. ಹೊಟ್ಟೆಯಲ್ಲಿರುವವರೊಡನೆ ಸಮಾಲೋಚನೆ ನಡೆದಿರಬೇಕು. ಕಡೆಗೆ ಒಂದೇ ಒಂದು ಧಬ್.

ಆ ಕಾಲದ ಸಣ್ಣ ಚುನಾವಣೆಗಳಲ್ಲಿ ನಮಗೆ ಅಲ್ಲಿಯೇ ಎಣಿಸಿ ಮುಗಿಸುವ ಆದೇಶವಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಪೆಟ್ಟಿಗೆ ತೆರೆದೆವು. ಮೇಜಿನ ಒಂದು ಬದಿಗೆ ಗುರುಲಿಂಗಪ್ಪ, ಇನ್ನೊಂದು ಬದಿಗೆ ಮಲಕಣ್ಣ. ಇಬ್ಬರಿಗೂ ಏಜೆಂಟರು ಬೇರೆ ಇರಲಿಲ್ಲ, ಏಕೆಂದರೆ ಎರಡೂ ಕಡೆ ಮಾತು ಕೊಟ್ಟ ಜನರಲ್ಲಿ ಒಬ್ಬರ ಪಕ್ಕ ಕೂರಲು ಯಾರೂ ಒಪ್ಪಿರಲಿಲ್ಲ. ನಾನು ಮೊದಲ ಮತಪತ್ರ ಬಿಡಿಸಿದೆ.

"ನಂದು," ಎಂದ ಗುರುಲಿಂಗಪ್ಪ.

"ನಂದು," ಎಂದ ಮಲಕಣ್ಣ.

ಇಬ್ಬರೂ ಹೇಳಿದ್ದು ಸತ್ಯ. ಛತ್ರಿಯ ಮೇಲೊಂದು ಸಿಕ್ಕಾ, ಕಂದೀಲಿನ ಮೇಲೊಂದು ಸಿಕ್ಕಾ, ಎರಡೂ ಅಚ್ಚುಕಟ್ಟು, ಎರಡೂ ಸಮ. ನಾನು ಗಂಭೀರವಾಗಿ ಅದನ್ನು ತಿರಸ್ಕೃತ ಮತಗಳ ತಟ್ಟೆಗೆ ಹಾಕಿದೆ. ಎರಡನೆಯದೂ ಹಾಗೆಯೇ. ಮೂರನೆಯದೂ. ಯಾರೋ ಒಬ್ಬ ಸೂಕ್ಷ್ಮಮತಿ ಸಿಕ್ಕಾವನ್ನು ನಡುವಿನ ಗೆರೆಯ ಮೇಲೆ, ಅರ್ಧ ಛತ್ರಿಗೂ ಅರ್ಧ ಕಂದೀಲಿಗೂ ತಾಗುವಂತೆ, ಎರಡು ಸಲ ಒತ್ತಿದ್ದ. ತಟ್ಟೆ ತುಂಬಿ ಚೆಲ್ಲತೊಡಗಿತು. ನಾನು ತಡೆಯಲಾರದೆ ಬಾಗಿಲಿಗೆ ಬಂದು, ಹೊರಗೆ ನೆರೆದಿದ್ದ ಊರಿಗೆ ಊರನ್ನೇ ಕೇಳಿದೆ.

"ಏನ್ರಪಾ, ಎಲ್ಲಾರೂ ಎರಡೆರಡು ಸಿಕ್ಕಾ ಯಾಕ ಹೊಡದೀರಿ?"

ಇಂಥ ಪ್ರಶ್ನೆ ಕೇಳುವ ಮೇಷ್ಟ್ರ ಬಗ್ಗೆ ಅವರಿಗೆ ಕನಿಕರ ಬಂದಂತಿತ್ತು. ಕಡೆಗೆ ಕಟ್ಟೆಯ ಮೇಲಿನ ಒಬ್ಬ ಮುದುಕಿ ತಲೆಯ ಸೆರಗು ಎಳೆದುಕೊಂಡು ಹೇಳಿದಳು.

"ಎರಡೂ ರೊಟ್ಟಿ ಮುಟ್ಟೀವಲ್ರಿ ಸರ. ಒಂದಕ್ಕ ಹೊಡದು ಇನ್ನೊಂದಕ್ಕ ಬಿಟ್ರ ಅನ್ನ ನಮ್ಮನ್ನ ಸುಮ್ನ ಬಿಡ್ತದೇನ್ರಿ?"

"ಹಿಂಗ ಹೊಡದ್ರ ಓಟು ಯಾರಿಗೂ ಹೋಗಂಗಿಲ್ಲ ಬೇ ಯವ್ವಾ!"

"ಹೋಗಸೋದು ಬಿಡೋದು ಸರಕಾರದ ಕೆಲಸರಿ. ಕೊಡೋದು ನಮ್ಮ ಕೆಲಸ. ನಾವು ಕೊಟ್ಟೀವಿ."

ಸಂವಿಧಾನದ ಮೂಲತತ್ತ್ವಗಳ ಬಗ್ಗೆ ನನ್ನ ಬಳಿ ಇದ್ದ ಪುಸ್ತಕಗಳಲ್ಲಿ ಈ ವಾದಕ್ಕೆ ಉತ್ತರವಿರಲಿಲ್ಲ. ಮರಳಿ ಕುಳಿತೆ. ಸರ್ಕಾರಿ ಭಾಷೆಯಲ್ಲಿ ಇಂಥವನ್ನು ಕುಲಗೆಟ್ಟ ಮತ ಎನ್ನುತ್ತಾರೆ. ಇಡೀ ಊರು ಮಾತಿಗೆ ತಪ್ಪದೆ ಉಳಿದು ಮತ ಕೆಡಿಸಿಕೊಂಡಿತ್ತು. ಮಾತಿಗೆ ತಪ್ಪಿದ ಒಬ್ಬನಾದರೂ ಇದ್ದಿದ್ದರೆ ಪ್ರಜಾಪ್ರಭುತ್ವಕ್ಕೆ ಎಷ್ಟು ಉಪಕಾರವಾಗುತ್ತಿತ್ತು ಎಂದು ಯೋಚಿಸುತ್ತಾ ಕಾಗದ ಬಿಡಿಸುತ್ತಿದ್ದಾಗ, ಕೈಗೆ ಒಂಟಿ ಸಿಕ್ಕಾದ ಪತ್ರವೊಂದು ಬಂತು. ಕಂದೀಲು. ಮಲಕಣ್ಣ ಮೀಸೆ ಮುಟ್ಟಿಕೊಂಡ. ಒಂದೆರಡು ಪತ್ರಗಳ ನಂತರ ಇನ್ನೊಂದು ಒಂಟಿ. ಛತ್ರಿ. ಒಂದಕ್ಕೊಂದು ಸಮ.

ಗುರುಲಿಂಗಪ್ಪ ಮಾತ್ರ ಮೀಸೆ ಮುಟ್ಟಿಕೊಳ್ಳಲಿಲ್ಲ. ಅವನು ಮೊದಲ ಸಲ ಬೀಗನ ಕಡೆ ತಿರುಗಿ ನೋಡಿದ.

"ಬೀಗರ, ಆ ಛತ್ರಿ ಓಟು ನಿಮ್ದೇನ್ರಿ?"

"ಮತ್ತ? ನಿಮ್ಮ ರೊಟ್ಟಿ ಮುಟ್ಟಿದ್ದೆನಲ್ಲ," ಎಂದ ಮಲಕಣ್ಣ, ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ. "ಕಂದೀಲಿಗೆ ನೀವಾ?"

"ನಿಮ್ಮ ರೊಟ್ಟಿ ನಾ ಮುಟ್ಟಿದ್ದಿಲ್ಲೇನು?"

"ಅಲ್ರೀ, ನಿಮಗ ನೀವು ಒಂದು ಹಾಕ್ಕೋಬಾರದ?"

"ತಾಟು ಹಿಡದಾಂವ ನಾ. ನನ್ನ ರೊಟ್ಟಿ ನಾನ ಮುಟ್ಟಿ ನನಗ ನಾನ ಮಾತು ಕೊಡ್ಲೇನು? ನೀವು ಹಾಕ್ಕೊಂಡೀರೇನು?"

ಮಲಕಣ್ಣ ಇಲ್ಲವೆಂದು ತಲೆಯಾಡಿಸಿದ. ತಾನು ನಿಂತ ಚುನಾವಣೆಯಲ್ಲಿ ತನಗೇ ಮತ ಹಾಕಿಕೊಳ್ಳದ ಇಬ್ಬರು ಮನುಷ್ಯರ ನಡುವೆ ನಾನು ಕೂತಿದ್ದೆ. ಆ ಕ್ಷಣದಲ್ಲಿ ಮಲಕಣ್ಣನ ಮನಸ್ಸು ಕರಗಿತ್ತು. ಸೊಸೆಯನ್ನು ಕಳಿಸಿಬಿಡಬೇಕು ಎನಿಸಿತ್ತು. ಆದರೆ ಅವನು ಬೇವಿನ ಮರ ಮುಟ್ಟಿದ್ದ, ಮತ್ತು ಆ ಊರಿನಲ್ಲಿ ಮುಟ್ಟಿದ್ದನ್ನು ಯಾರೂ ಬಿಡುತ್ತಿರಲಿಲ್ಲ.

"ನಾ ಸೋತ್ರ..." ಎಂದು ಹೇಳಹೊರಟವನು ನನ್ನ ಕಡೆ ತಿರುಗಿದ. "ಸರ, ನಾ ಸೋಲೋದು ಬ್ಯಾಡ್ರಿ." ಇದು ಅಧಿಕಾರಕ್ಕಾಗಿ ಆಡಿದ ಮಾತಾಗಿರಲಿಲ್ಲ.

"ಸಮ ಆದ್ರ ಚೀಟಿ ಎತ್ತೋದು ಅದ," ಎಂದೆ.

"ಚೀಟಿಗೆ ನಾ ರೊಟ್ಟಿ ಮುಟ್ಟಿಸಿಲ್ಲಲ್ರಿ," ಎಂದ ಆತ, ದೀನನಾಗಿ.

ಪೆಟ್ಟಿಗೆಯ ತಳದಲ್ಲಿ ಕೆಲವೇ ಪತ್ರಗಳು ಉಳಿದಿದ್ದವು. ಬಿಡಿಸಿದೆ: ಎರಡು ಸಿಕ್ಕಾ, ಎರಡು ಸಿಕ್ಕಾ, ಎರಡು ಸಿಕ್ಕಾ. ಕಡೆಯದಕ್ಕಿಂತ ಒಂದು ಮುಂಚಿನದು ಒಂಟಿ. ಕಂದೀಲು. ಕಡೆಯದು ಮತ್ತೆ ಎರಡು. ಎರಡಕ್ಕೆ ಒಂದು, ಮಲಕಣ್ಣ ಗೆದ್ದಿದ್ದ. ಹೊರಗೆ ಭೀಮಶಾ ಕೂಗಿ ಹೇಳುವುದೇ ತಡ, ಆಣೆ ಹಾಕದವರು ಊರಲ್ಲಿ ಯಾರು ಎಂಬುದನ್ನು ಲೆಕ್ಕ ಹಾಕಲು ಜನಕ್ಕೆ ಒಂದು ಉಸಿರಿನಷ್ಟೂ ಸಮಯ ಬೇಕಾಗಲಿಲ್ಲ. ನೂರಾರು ತಲೆಗಳು ಒಟ್ಟಿಗೆ ನೀಲಮ್ಮನ ಕಡೆ ತಿರುಗಿದವು. ಗುರುಲಿಂಗಪ್ಪ ಎದ್ದು ಹೊರಗೆ ನಡೆದ. ನಾನೂ ಹಿಂದೆ ಓಡಿದೆ.

"ನೀನ ಏನವ್ವ?" ಎಂದು ಅವನು ಮಗಳನ್ನು ಕೇಳಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗಿಂತ ಕೆಟ್ಟದಾದ ನೋವಿತ್ತು.

"ಹಂಗ ಕೇಳಬಾರದ್ರಿ! ಮತ ಗುಪ್ತ!" ಎಂದು ನಾನು ಕಾನೂನಿನ ಪರವಾಗಿ ನಡುವೆ ನಿಂತೆ.

"ಗುಪ್ತ ಏನು ಬಂತ್ರಿ ಸರ, ಊರಿಗೆಲ್ಲಾ ತಿಳದದ," ಎಂದಳು ನೀಲಮ್ಮ. ಆಮೇಲೆ ತಂದೆಯನ್ನು ನೇರವಾಗಿ ನೋಡಿದಳು. "ಹೌದು ಯಪ್ಪಾ, ನಾನ. ನೀ ಸೋತ್ರ ಎರಡು ದಿನ ಸಿಟ್ಟಾಗ್ತಿ. ಮಾವ ಸೋತ್ರ ನಾ ಇಲ್ಲೇ ಹಡೀಬೇಕಾಗ್ತದ. ನಾ ನಿನಗ ಹಾಕಿ ಅವ್ವನ ಮನಿ ಬಾಗಲಾ ದೂರದಿಂದ ನೋಡ್ಕೋತ ಕುಂಡ್ರಲೇನು? ನೀನ ಹೇಳು."

ಗುರುಲಿಂಗಪ್ಪ ತಿರುಗಿ ಮನೆಯ ಕಡೆ ನಡೆದ. ಮಗಳ ಲೆಕ್ಕವನ್ನು ಯಾವ ವಿಶ್ಲೇಷಕನೂ ತಪ್ಪೆನ್ನಲಾರ. ಒಂದು ಮತದ ಬೆಲೆಯನ್ನು ಇಷ್ಟು ನಿಖರವಾಗಿ ತೂಗಿ ಚಲಾಯಿಸಿದ ಮತದಾರರನ್ನು ನಾನು ಆಮೇಲೆ ಎಷ್ಟೋ ಚುನಾವಣಾ ಕೆಲಸಗಳಲ್ಲಿ ಕಂಡಿಲ್ಲ. ನಾನಂತೂ, ಪದವೀಧರ, ಪ್ರತಿ ಸಲವೂ ಹೆಸರಿನ ಕಾಗುಣಿತ ಚೆನ್ನಾಗಿದ್ದವರಿಗೆ ಹಾಕಿ ಬರುತ್ತೇನೆ.

ಗೆದ್ದವನ ಮೆರವಣಿಗೆ ಆಗಬೇಕಲ್ಲ. ಹಲಗೆ ಬಡಿಯುವವರು ಸಿದ್ಧರಾಗಿದ್ದರು. ಮಲಕಣ್ಣ ಕೊರಳ ಹಾರವನ್ನು ತೆಗೆದು ಸೊಸೆಯ ಕೈಗೆ ಕೊಟ್ಟು, ಮೆರವಣಿಗೆ ಬೀಗರ ಮನೆಗೆ ಎಂದು ಘೋಷಿಸಿದ. ಹದಿನೈದು ಹೆಜ್ಜೆಯ ಮೆರವಣಿಗೆ ಊರಿಗೆ ಅವಮಾನವೆಂದು ಹಿರಿಯರು ಆಕ್ಷೇಪಿಸಿದ್ದರಿಂದ, ನೀಲಮ್ಮನನ್ನು ಎತ್ತಿನ ಬಂಡಿಯಲ್ಲಿ ಕೂಡಿಸಿ, ಊರಬಾಗಿಲ ಅಗಸಿಯವರೆಗೆ ಹೋಗಿ, ಇಡೀ ಊರು ಸುತ್ತಿ ಅದೇ ಓಣಿಗೆ ವಾಪಸು ತರಲಾಯಿತು. ಸೋತವನ ಹೆಂಡತಿ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಗಂಡ ಸೋತ ಸುದ್ದಿ ಕೇಳಿ ಅಷ್ಟು ನಗುತ್ತಿದ್ದ ಹೆಣ್ಣುಮಗಳನ್ನು ನಾನು ಮತ್ತೆ ನೋಡಿಲ್ಲ.

ಮಾರನೆಯ ಬೆಳಿಗ್ಗೆ, ಪೆಟ್ಟಿಗೆ ಹೊತ್ತೊಯ್ಯುವ ಗಾಡಿ ಬರುವ ಮುಂಚೆ, ಆ ಓಣಿಗೆ ಹೋದೆ. ನಮೂನೆಯೊಂದರಲ್ಲಿ ಸೋತ ಹುರಿಯಾಳಿನ ಸಹಿ ಬಾಕಿಯಿತ್ತು. ನೀಲಮ್ಮ ಹಸಿರು ಸೀರೆಯುಟ್ಟು ಪಡಸಾಲೆಯಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಅಂಗಳದಲ್ಲಿ ಗುರುಲಿಂಗಪ್ಪ ನಮ್ಮೆಲ್ಲರಿಗೂ ಬೆನ್ನು ಮಾಡಿ, ಮಗಳು ಮಲಗಲಿರುವ ಹೊರಸಿನ ಸಡಿಲಾದ ಹಗ್ಗವನ್ನು ಒಂದೊಂದಾಗಿ ಎಳೆದು ಬಿಗಿಯುತ್ತಿದ್ದ. ನಾನು ಕಾಗದ ಚಾಚಿದೆ. ಮಾತಿಲ್ಲದೆ ಸಹಿ ಮಾಡಿ ಮತ್ತೆ ಹಗ್ಗ ಹಿಡಿದ.

"ಮಾತಾಡಾಂಗಿಲ್ಲರಿ ಸರ," ಎಂದಳು ನೀಲಮ್ಮ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡೇ. "ಎರಡು ದಿನ ಸಿಟ್ಟು ಅಂತ ನಾ ಮೊದಲ ಹೇಳೀನಲ್ಲ."

ಗುರುಲಿಂಗಪ್ಪ ಹೊರಸಿನ ಮೇಲೆ ಅಂಗೈ ಊರಿ, ಭಾರ ಬಿಟ್ಟು, ಬಿಗಿಯನ್ನು ಪರೀಕ್ಷಿಸಿದ. ಸಮಾಧಾನವಾಯಿತೇನೋ. ತಿರುಗದೆಯೇ, ನನ್ನನ್ನು ಉದ್ದೇಶಿಸಿ ಹೇಳಿದ:

"ಸರ, ಆಕಿಗೆ ಹೇಳ್ರಿ. ಅರ್ಧ ದಿನ ಮುಗದದ ಅಂತ."